ಸ್ಪೀಕರ್‌ನ ಕೆಂಪು ತಂತಿ, ಕಪ್ಪು ತಂತಿ: ಅದಲು ಬದಲಾದರೆ ಆಗುವುದೇನು?

ವಿರಾಜಪೇಟೆಯಲ್ಲಾಗಲಿ ಗೋಣಿಕೊಪ್ಪಲಿನಲ್ಲಾಗಲಿ, ಮದುವೆಯ ಸಭಾಂಗಣಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಬಾಕ್ಸ್‌ಗಳಿವೆ, ಆಂಪ್ಲಿಫೈಯರ್ ದೊಡ್ಡದೇ ಇದೆ, ಆದರೂ ಹಾಡು ತೆಳ್ಳಗೆ ಕೇಳಿಸುತ್ತದೆ. ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಒಂದು ಬಾಕ್ಸಿನ ಹತ್ತಿರ ಹೋದರೆ ಬಾಸ್ ಚೆನ್ನಾಗಿಯೇ ಇದೆ. ಸಭಾಂಗಣದ ನಡುವೆ ಬಂದು ನಿಂತರೆ ಅದು ಮಾಯ. ಮೈಕ್ ಸೆಟ್‌ನವರು ಬಾಸ್ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾರೆ. ಆಂಪ್ಲಿಫೈಯರ್‌ನ ಕೆಂಪು ದೀಪ ಮಿನುಗತೊಡಗುತ್ತದೆ, ಬಾಕ್ಸಿನ ಪಕ್ಕದಲ್ಲಿ ಕುಳಿತವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಡುವೆ ಇರುವವರಿಗೆ ಮಾತ್ರ ಏನೂ ಬದಲಾಗಿರುವುದಿಲ್ಲ.

ಈ ಲಕ್ಷಣಗಳೆಲ್ಲ ಒಟ್ಟಿಗೆ ಕಂಡರೆ ಮೊದಲು ನೋಡಬೇಕಾದದ್ದು ಒಂದೇ: ಎರಡು ಬಾಕ್ಸ್‌ಗಳಲ್ಲಿ ಒಂದರ ತಂತಿ ತಿರುವುಮುರುವಾಗಿದೆಯೇ ಎಂದು. ಪ್ಲಸ್‌ಗೆ ಹೋಗಬೇಕಾದ ತಂತಿ ಮೈನಸ್‌ಗೆ, ಮೈನಸ್‌ನದು ಪ್ಲಸ್‌ಗೆ ಹೋಗಿದ್ದರೆ ಇಷ್ಟೂ ಆಗುತ್ತದೆ. ಯಾವ ಉಪಕರಣವೂ ಕೆಟ್ಟಿಲ್ಲ. ಹೊಸದು ಏನನ್ನೂ ಕೊಳ್ಳಬೇಕಿಲ್ಲ. ಒಂದು ಸ್ಕ್ರೂಡ್ರೈವರ್ ಮತ್ತು ಸ್ವಲ್ಪ ತಾಳ್ಮೆ ಸಾಕು. ಇಷ್ಟು ಸುಲಭದ ತಪ್ಪಿಗೆ ಬಾಕ್ಸ್ ಬದಲಿಸಿದವರನ್ನು, ಆಂಪ್ಲಿಫೈಯರ್ ಮಾರಿದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆದ್ದರಿಂದ ಈ ವಿಷಯವನ್ನು ಬುಡದಿಂದ ಬಿಡಿಸಿ ಹೇಳಬೇಕೆನ್ನಿಸಿದೆ.

ಪೊಲಾರಿಟಿಯ, ಅಂದರೆ ಯಾವ ತಂತಿ ಪ್ಲಸ್, ಯಾವುದು ಮೈನಸ್ ಎಂಬುದರ, ಮಾತು ಬಂದ ಕೂಡಲೇ ಎದುರಾಗುವ ಪ್ರಶ್ನೆಯೊಂದಿದೆ, ಅದು ಬಹಳ ಸರಿಯಾದ ಪ್ರಶ್ನೆ. ಸ್ಪೀಕರ್‌ಗೆ ಹೋಗುವುದು ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಲ್ಲ; ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಎಸಿ. ಮನೆಯ ಬಲ್ಬಿಗೆ ಎರಡು ತಂತಿಗಳನ್ನು ಹೇಗೆ ಕೊಟ್ಟರೂ ಅದು ಉರಿಯುತ್ತದೆ. ಹಾಗಿರುವಾಗ ಸ್ಪೀಕರ್‌ಗೇಕೆ ಪ್ಲಸ್, ಮೈನಸ್?

ಒಂದೇ ಒಂದು ಸ್ಪೀಕರ್ ಇದ್ದರೆ ನಿಜಕ್ಕೂ ಅದರ ಚಿಂತೆ ಬೇಕಿಲ್ಲ. ಇಂದು ನಾವು ಬಳಸುವ ಮಾದರಿಯ ಸ್ಪೀಕರ್‌ನ ಬಗ್ಗೆ ಅಮೆರಿಕದ ರೈಸ್ ಮತ್ತು ಕೆಲಾಗ್ ತಮ್ಮ ಪ್ರಬಂಧವನ್ನು ಪ್ರಕಟಿಸಿದ್ದು 1925ರಲ್ಲಿ. ಆಗಿನ ರೇಡಿಯೊ ಪೆಟ್ಟಿಗೆಯೊಳಗೆ ಇರುತ್ತಿದ್ದದ್ದು ಒಂದೇ ಸ್ಪೀಕರ್. ಅದರ ತಂತಿ ಹೇಗಿದ್ದರೂ ಕೇಳುವವರಿಗೆ ವ್ಯತ್ಯಾಸವಿರಲಿಲ್ಲ. ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ 1931ರಲ್ಲಿ ಸ್ಟೀರಿಯೊ ಧ್ವನಿಯ ಪೇಟೆಂಟಿಗೆ ಅರ್ಜಿ ಹಾಕಿದರು. ಒಂದೇ ಹಾಡನ್ನು ಎರಡು ಸ್ಪೀಕರ್‌ಗಳು ಹಂಚಿಕೊಂಡು ನುಡಿಸಬೇಕಾಗಿ ಬಂದಾಗ, ಅವೆರಡರ ನಡುವಿನ ಹೊಂದಾಣಿಕೆಯೇ ಮುಖ್ಯವಾಯಿತು.

ಸ್ಪೀಕರ್ ಕೆಲಸ ಮಾಡುವ ಬಗೆಯನ್ನು ಒಮ್ಮೆ ನೋಡಿಬಿಡೋಣ. ಹಿಂಬದಿಯಲ್ಲಿ ಉಂಗುರದ ಆಕಾರದ ಅಯಸ್ಕಾಂತವಿರುತ್ತದೆ. ಅದರ ನಡುವಿನ ಕಿರಿದಾದ ಸಂದಿಯಲ್ಲಿ ತೆಳು ತಂತಿಯ ಸುರುಳಿಯೊಂದು ತೂಗುತ್ತಿರುತ್ತದೆ; ಅದೇ ವಾಯ್ಸ್ ಕಾಯಿಲ್. ಅದಕ್ಕೆ ಅಂಟಿಕೊಂಡಿರುವುದು ಕಾಗದದ ಅಥವಾ ಪ್ಲಾಸ್ಟಿಕ್ಕಿನ ಕೋನ್. ಸುರುಳಿಯಲ್ಲಿ ವಿದ್ಯುತ್ ಒಂದು ದಿಕ್ಕಿಗೆ ಹರಿದರೆ ಕೋನ್ ಹೊರಗೆ ಬರುತ್ತದೆ, ದಿಕ್ಕು ತಿರುಗಿದರೆ ಒಳಗೆ ಹೋಗುತ್ತದೆ. ಹೊರಗೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಒಳಗೆ ಹೋದಾಗ ಸಡಿಲವಾಗುತ್ತದೆ. ಈ ಒತ್ತು, ಸಡಿಲಗಳ ಸರಣಿಯೇ ನಮ್ಮ ಕಿವಿಗೆ ಶಬ್ದ. ಪ್ಲಸ್ ಗುರುತಿನ ಕಡೆಗೆ ಧನ ವೋಲ್ಟೇಜ್ ಕೊಟ್ಟಾಗ ಕೋನ್ ಹೊರಗೆ ಬರಬೇಕು ಎಂಬುದು ತಯಾರಕರು ಸಾಮಾನ್ಯವಾಗಿ ಪಾಲಿಸುವ ಪದ್ಧತಿ. ಸ್ಪೀಕರ್ ಮೇಲಿನ ಕೆಂಪು ಬಣ್ಣಕ್ಕೆ ಇದಕ್ಕಿಂತ ಬೇರೆ ಅರ್ಥವಿಲ್ಲ.

ಮಳೆಗಾಲದಲ್ಲಿ ಕಾಫಿ ತೋಟದ ದಾರಿಯ ಕೆಸರಿನಲ್ಲಿ ಜೀಪು ಹೂತುಕೊಂಡಾಗ ಅದನ್ನು ಒಂದೇ ಸಲಕ್ಕೆ ನೂಕಿ ಎಬ್ಬಿಸಲಾಗುವುದಿಲ್ಲ. ಹಿಂದಕ್ಕೆ ಮುಂದಕ್ಕೆ ತೂಗಿ ತೂಗಿ ಎಬ್ಬಿಸಬೇಕು. ಬಲಗಡೆ ಇಬ್ಬರು, ಎಡಗಡೆ ಇಬ್ಬರು ನಿಂತಿದ್ದಾರೆ ಎಂದುಕೊಳ್ಳಿ. ಎಲ್ಲರೂ ಒಟ್ಟಿಗೆ ಮುಂದಕ್ಕೆ ನೂಕಿ ಒಟ್ಟಿಗೆ ಹಿಂದಕ್ಕೆ ಎಳೆದರೆ ಜೀಪು ತೂಗುತ್ತದೆ. ಬಲಗಡೆಯವರು ನೂಕುವ ಹೊತ್ತಿನಲ್ಲೇ ಎಡಗಡೆಯವರು ಎಳೆದರೆ ನಾಲ್ವರೂ ಬೆವರುತ್ತಾರೆ, ಜೀಪು ಮಾತ್ರ ಅಲ್ಲಾಡುವುದಿಲ್ಲ. ಮೊದಲು ನೂಕಿದರೋ ಎಳೆದರೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಟ್ಟಿಗೆ ಮಾಡಿದರೇ ಎಂಬುದಷ್ಟೇ ಲೆಕ್ಕ. ಎಸಿಗೆ ಶಾಶ್ವತವಾದ ಪ್ಲಸ್ ಇಲ್ಲ ನಿಜ, ಆದರೆ ಪ್ರತಿ ಕ್ಷಣಕ್ಕೂ ಒಂದು ದಿಕ್ಕು ಇದ್ದೇ ಇದೆ. ಆ ಕ್ಷಣದಲ್ಲಿ ಎರಡು ಕೋನ್‌ಗಳೂ ಒಂದೇ ಕಡೆ ಚಲಿಸಬೇಕು. ಒಂದರ ತಂತಿ ತಿರುವುಮುರುವಾದರೆ ಒಂದು ಗಾಳಿಯನ್ನು ಒತ್ತುವಾಗ ಇನ್ನೊಂದು ಸಡಿಲಿಸುತ್ತದೆ.

ಹಾಗೆಂದು ತಂತಿ ತಿರುಗಿಸಿದ ಸ್ಪೀಕರ್ ತಾನಾಗಿ ಕಡಿಮೆ ಶಬ್ದ ಮಾಡುವುದಿಲ್ಲ. ಅದನ್ನೊಂದನ್ನೇ ಹಚ್ಚಿ ಕೇಳಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಈ ತಪ್ಪು ಅಷ್ಟು ದಿನ ಅಡಗಿಕೊಂಡಿರುವುದು ಇದೇ ಕಾರಣಕ್ಕೆ. ಪರೀಕ್ಷಿಸುವವರು ಬಲದ ಬಾಕ್ಸ್ ಹಚ್ಚಿ ನೋಡುತ್ತಾರೆ, ಚೆನ್ನಾಗಿದೆ. ಎಡದ್ದನ್ನು ಹಚ್ಚಿ ನೋಡುತ್ತಾರೆ, ಅದೂ ಚೆನ್ನಾಗಿದೆ. ಎರಡೂ ಚೆನ್ನಾಗಿವೆ ಎಂದ ಮೇಲೆ ದೋಷ ಸಭಾಂಗಣದ್ದೇ ಇರಬೇಕು ಎಂದು ತೀರ್ಮಾನಿಸುತ್ತಾರೆ. ದೋಷ ಇರುವುದು ಎರಡರ ನಡುವಿನ ಸಂಬಂಧದಲ್ಲಿ. ಎರಡನ್ನೂ ಒಟ್ಟಿಗೆ ಕೇಳದೆ ಅದು ಎಂದಿಗೂ ಸಿಕ್ಕುವುದಿಲ್ಲ.

ಬಾಸ್ ಮಾತ್ರ ಏಕೆ ಕಾಣೆಯಾಗುತ್ತದೆ?

ಮಡಿಕೇರಿಯ ತಂಪಿನಲ್ಲಿ, ಅಂದರೆ ಸುಮಾರು 15 ಡಿಗ್ರಿ ಸೆಲ್ಸಿಯಸ್ ಇರುವಾಗ, ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಈ ವೇಗವನ್ನು ಕಂಪನಾಂಕದಿಂದ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಅದರ ಅಳತೆ ಹರ್ಟ್ಸ್) ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. 50 ಹರ್ಟ್ಸ್‌ನ ಗಂಭೀರ ನಾದದ ಅಲೆ 6.8 ಮೀಟರ್ ಉದ್ದ. 100 ಹರ್ಟ್ಸ್‌ನದು 3.4 ಮೀಟರ್. 1000 ಹರ್ಟ್ಸ್‌ಗೆ ಬಂದರೆ 34 ಸೆಂಟಿಮೀಟರ್. ತಾಳದ ಕಿಣಿಕಿಣಿ ಇರುವ ಎತ್ತರದ ಕಂಪನಾಂಕಗಳಲ್ಲಿ ಅಲೆ ಕೆಲವೇ ಸೆಂಟಿಮೀಟರ್ ಉದ್ದವಿರುತ್ತದೆ.

ಈಗ ಎರಡು ಬಾಕ್ಸ್‌ಗಳಿಂದ ಸಮಾನ ದೂರದಲ್ಲಿ, ಸಭಾಂಗಣದ ನಡುಗೆರೆಯ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಎರಡೂ ಕಡೆಯ ಅಲೆಗಳು ಒಂದೇ ಹೊತ್ತಿಗೆ ನಿಮ್ಮನ್ನು ತಲುಪುತ್ತವೆ. ತಂತಿಗಳು ಸರಿಯಿದ್ದರೆ ಒತ್ತಡಕ್ಕೆ ಒತ್ತಡ ಸೇರಿ ಎರಡರಷ್ಟಾಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಒಂದೇ ಬಾಕ್ಸ್ ಇದ್ದದ್ದಕ್ಕಿಂತ 6 ಹೆಚ್ಚು. ಒಂದು ತಿರುವುಮುರುವಾಗಿದ್ದರೆ ಒಂದರ ಒತ್ತಡವನ್ನು ಇನ್ನೊಂದರ ಸಡಿಲ ತಿಂದುಹಾಕುತ್ತದೆ. ಗೋಡೆಗಳಿಂದ ಮರಳಿ ಬರುವ ಶಬ್ದ ಇರುವುದರಿಂದ ಪೂರ್ತಿ ಸೊನ್ನೆ ಆಗುವುದಿಲ್ಲ, ಆದರೆ ಬಾಸ್ ಎದ್ದು ಕಾಣುವಷ್ಟು ಕುಸಿಯುತ್ತದೆ. ಬಾಸ್ ಅಲೆಗಳು ಅಷ್ಟು ಉದ್ದ ಇರುವುದರಿಂದ ನೀವು ಅರ್ಧ ಮೀಟರ್ ಅತ್ತಿತ್ತ ಸರಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ನಡುವಿನ ಸಾಲುಗಳಲ್ಲಿ ಕುಳಿತವರೆಲ್ಲರಿಗೂ ಅದೇ ಗತಿ.

ಎತ್ತರದ ನಾದಗಳ ಕಥೆ ಬೇರೆ. 3000 ಹರ್ಟ್ಸ್‌ನ ಅಲೆ ಸುಮಾರು 11 ಸೆಂಟಿಮೀಟರ್. ನಿಮ್ಮ ಎರಡು ಕಿವಿಗಳ ನಡುವಿನ ಅಂತರವೇ ಅದಕ್ಕಿಂತ ಹೆಚ್ಚು. ತಲೆ ಸ್ವಲ್ಪ ತಿರುಗಿಸಿದರೂ ಒಂದು ನಾದ ಕೂಡುತ್ತದೆ, ಇನ್ನೊಂದು ಕಳೆಯುತ್ತದೆ. ಗೋಡೆ, ಮೇಲ್ಛಾವಣಿಗಳಿಂದ ಬರುವ ಪ್ರತಿಫಲನ ಎಲ್ಲವನ್ನೂ ಕಲಸಿಬಿಡುತ್ತದೆ. ಹೀಗಾಗಿ ತಂತಿ ಸರಿಯಿದ್ದರೂ ತಪ್ಪಿದ್ದರೂ ಎತ್ತರದ ನಾದಗಳ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಒಂದೇ. ಶಬ್ದ ಜೋರಾಗಿಯೇ ಇದೆ, ಆದರೆ ಅದಕ್ಕೆ ಮೈ ಇಲ್ಲ ಎನ್ನಿಸುವುದು ಇದರಿಂದಲೇ.

ಇನ್ನೊಂದು ನಷ್ಟ ದನಿಯ ಜಾಗದ್ದು. ಎರಡು ಸ್ಪೀಕರ್‌ಗಳೂ ಒಂದೇ ದನಿಯನ್ನು ಒಂದೇ ರೀತಿ ನುಡಿಸಿದಾಗ ಹಾಡುವವರು ನಡುವೆಯೇ ನಿಂತಂತೆ ನಮ್ಮ ಮಿದುಳಿಗೆ ಅನ್ನಿಸುತ್ತದೆ. ಅಲ್ಲಿ ಸ್ಪೀಕರೇ ಇರುವುದಿಲ್ಲ, ಆದರೂ ದನಿ ಅಲ್ಲಿಂದಲೇ ಬರುತ್ತದೆ. ಸ್ಟೀರಿಯೊದ ಸೊಬಗೆಲ್ಲ ಇರುವುದು ಇದರಲ್ಲಿ. ಒಂದು ಕಡೆ ತಿರುವುಮುರುವಾದರೆ ಎರಡು ಕಿವಿಗಳಿಗೂ ಹೊಂದದ ಸುಳಿವು ಸಿಗುತ್ತದೆ. ದನಿ ತಲೆಯ ಸುತ್ತ ಹರಡಿದಂತೆ, ಕೆಲವೊಮ್ಮೆ ಹಿಂದಿನಿಂದ ಬಂದಂತೆ ಕೇಳಿಸುತ್ತದೆ. ಕೆಲವರಿಗೆ ಅದು ಮೊದಲು ವಿಶಾಲವಾದ ಧ್ವನಿ ಎನ್ನಿಸಿ ಹಿಡಿಸುವುದೂ ಉಂಟು. ಸ್ವಲ್ಪ ಹೊತ್ತು ಕೇಳಿದರೆ ತಲೆ ಭಾರವಾಗುತ್ತದೆ.

ತಂತಿ ಸರಿಪಡಿಸಿದರೆ ಸಭಾಂಗಣದ ಮೂಲೆ ಮೂಲೆಗೂ ಬಾಸ್ ಸಮನಾಗಿ ಹಂಚಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡುಗೆರೆಯಿಂದ ಪಕ್ಕಕ್ಕೆ ಸರಿದಂತೆ ಒಂದು ಬಾಕ್ಸ್ ಹತ್ತಿರ, ಇನ್ನೊಂದು ದೂರವಾಗುತ್ತದೆ. 100 ಹರ್ಟ್ಸ್‌ಗೆ ಆ ವ್ಯತ್ಯಾಸ 1.7 ಮೀಟರ್ ಮುಟ್ಟಿದಲ್ಲಿ, ಸರಿಯಾದ ತಂತಿಗಳಿದ್ದರೂ ಅಲೆಗಳು ಪರಸ್ಪರ ಕಳೆಯುತ್ತವೆ. ಪೊಲಾರಿಟಿ ಸರಿಯಿದ್ದಾಗ ಬಾಸ್ ಗಟ್ಟಿಯಾಗಿರುವ ಪಟ್ಟಿ ನಡುವೆ ಬೀಳುತ್ತದೆ, ತಪ್ಪಿದಾಗ ಖಾಲಿ ಪಟ್ಟಿ ನಡುವೆ ಬೀಳುತ್ತದೆ. ಹೆಚ್ಚಿನ ಜನ ಕೂರುವುದು ನಡುವೆ. ಎರಡು ಸಬ್ ವೂಫರ್‌ಗಳನ್ನು (ಬಾಸ್ ಮಾತ್ರ ನುಡಿಸುವ ಬಾಕ್ಸ್‌ಗಳನ್ನು) ವೇದಿಕೆಯ ಎರಡು ತುದಿಗೆ ಇಡುವ ಬದಲು ಅಕ್ಕಪಕ್ಕದಲ್ಲೇ ಇಟ್ಟರೆ ಈ ಪಟ್ಟಿಗಳ ತೊಂದರೆ ಬಹಳ ತಗ್ಗುತ್ತದೆ. ಆದರೆ ಅಕ್ಕಪಕ್ಕ ಇಟ್ಟಾಗ ಒಂದರ ತಂತಿ ತಿರುಗಿದ್ದರೆ ಎರಡೂ ಸೇರಿ ಬಾಸನ್ನು ಹೆಚ್ಚುಕಡಿಮೆ ನುಂಗಿಯೇಬಿಡುತ್ತವೆ.

ಮೈದಾನದ ಹಾರ್ನ್‌ಗಳು

ಬಯಲಿನಲ್ಲಿ ಲೆಕ್ಕಾಚಾರ ಬದಲಾಗುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಂತಹ ಪಂದ್ಯಾವಳಿಯನ್ನು ನೆನೆಸಿಕೊಳ್ಳಿ. ಹಾಕಿ ಮೈದಾನದ ಉದ್ದ 91.4 ಮೀಟರ್. ಎರಡು ತುದಿಗಳಲ್ಲೂ ಹಾರ್ನ್ ಕಟ್ಟಿದ್ದರೆ, ಒಂದು ತುದಿಯಲ್ಲಿ ನಿಂತವರಿಗೆ ಇನ್ನೊಂದು ತುದಿಯ ಶಬ್ದ ಕಾಲು ಸೆಕೆಂಡಿಗೂ ಹೆಚ್ಚು ತಡವಾಗಿ ಬರುತ್ತದೆ. ಅದು ಮಾರ್ದನಿಯಂತೆ ಎರಡನೆಯ ಸಲ ಕೇಳಿಸುತ್ತದೆ. ಅಲ್ಲಿ ಪ್ಲಸ್, ಮೈನಸ್ ಸರಿಪಡಿಸಿ ಯಾವ ಲಾಭವೂ ಇಲ್ಲ, ಏಕೆಂದರೆ ಸಮಸ್ಯೆ ತಡದ್ದು. ತಡವನ್ನು ತಂತಿ ತಿರುಗಿಸಿ ಕಳೆಯಲಾಗದು. ಹಾರ್ನ್‌ಗಳ ಮುಖವನ್ನು ಬೇರೆ ಕಡೆ ತಿರುಗಿಸಬೇಕು, ಅಥವಾ ಮಿಕ್ಸರ್‌ನಲ್ಲಿ ಡಿಲೇ (ಬೇಕೆಂದೇ ಸೇರಿಸುವ ತಡ) ಕೊಡಬೇಕು.

ಈ ವ್ಯತ್ಯಾಸವನ್ನು ಬಲ್ಲವರೂ ಕಲಸಿಬಿಡುತ್ತಾರೆ, ಹಾಗಾಗಿ ಒತ್ತಿ ಹೇಳುತ್ತೇನೆ. ಪೊಲಾರಿಟಿ ತಿರುಗಿದರೆ ಎಲ್ಲ ಕಂಪನಾಂಕಗಳೂ ಒಂದೇ ಸಮನೆ ತಲೆಕೆಳಗಾಗುತ್ತವೆ, ಒಂದಿಷ್ಟೂ ತಡವಾಗುವುದಿಲ್ಲ. ತಡವಾದರೆ ಒಂದೊಂದು ಕಂಪನಾಂಕಕ್ಕೆ ಒಂದೊಂದು ಬಗೆಯ ಪರಿಣಾಮ: ಒಂದು ನಾದ ಕೂಡುತ್ತದೆ, ಪಕ್ಕದ್ದು ಕಳೆಯುತ್ತದೆ. ಮೊದಲನೆಯದು ತಂತಿಯ ವಿಷಯ, ಎರಡನೆಯದು ದೂರದ ವಿಷಯ.

ಆದರೆ ಒಂದೇ ಕಂಬಕ್ಕೆ ಅಕ್ಕಪಕ್ಕದಲ್ಲಿ ಎರಡು ಹಾರ್ನ್ ಕಟ್ಟಿದಾಗ ಪೊಲಾರಿಟಿ ಮತ್ತೆ ಮುಖ್ಯವಾಗುತ್ತದೆ. ಹಾರ್ನ್‌ಗಳು ಆಳದ ಬಾಸ್ ನುಡಿಸುವುದೇ ಇಲ್ಲ, ನಿಜ. ಅವುಗಳಲ್ಲಿ ಗಂಡು ದನಿಗೆ ಸ್ವಲ್ಪ ತೂಕ ಕೊಡುವ 300, 400 ಹರ್ಟ್ಸ್‌ನ ಭಾಗಕ್ಕೆ ಅಲೆಯ ಉದ್ದ ಒಂದು ಮೀಟರಿನ ಆಸುಪಾಸು. ಒಂದಡಿ ಅಂತರದ ಎರಡು ಹಾರ್ನ್‌ಗಳಲ್ಲಿ ಒಂದು ತಿರುಗಿದ್ದರೆ ಆ ತೂಕ ಹೋಗಿ ವೀಕ್ಷಕ ವಿವರಣೆ ಕೀರಲು ಕೀರಲಾಗುತ್ತದೆ. ದೂರದವರಿಗೆ ಮಾತು ಅರ್ಥವಾಗುವುದಿಲ್ಲ.

ಉದ್ದ ತಂತಿ ಎಳೆಯುವ ಕಡೆ 100 ವೋಲ್ಟ್ ಲೈನ್, ಅಂದರೆ ಸಂಕೇತವನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಕಳಿಸುವ ಏರ್ಪಾಡು, ಬಳಸುವುದು ರೂಢಿ. ಆಂಪ್ಲಿಫೈಯರ್ ಹಿಂಬದಿಯಲ್ಲಿ ಕಾಮನ್, 4, 8, 16 ಓಮ್‌ಗಳ ಪಕ್ಕದಲ್ಲಿ 70 ಮತ್ತು 100 ವೋಲ್ಟ್ ಎಂದು ಬರೆದಿರುತ್ತದಲ್ಲ, ಅದೇ. ಪ್ರತಿ ಹಾರ್ನ್‌ಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಇಲ್ಲಿ ತಪ್ಪಾಗಲು ಎರಡು ಜಾಗಗಳಿವೆ: ಲೈನಿನಿಂದ ಟ್ರಾನ್ಸ್‌ಫಾರ್ಮರ್‌ಗೆ ಬರುವ ತಂತಿ, ಟ್ರಾನ್ಸ್‌ಫಾರ್ಮರ್‌ನಿಂದ ಹಾರ್ನಿನ ಶಬ್ದ ಹುಟ್ಟಿಸುವ ಯೂನಿಟ್‌ಗೆ ಹೋಗುವ ತಂತಿ. ಎರಡೂ ಕಡೆ ತಿರುಗಿದರೆ ಸರಿಹೋಗುತ್ತದೆ, ಒಂದೇ ಕಡೆ ತಿರುಗಿದರೆ ಕೆಡುತ್ತದೆ. ಎಲ್ಲ ಹಾರ್ನ್‌ಗಳ ಕಾಮನ್ ತಂತಿ ಒಂದೇ ಬಣ್ಣದ್ದಾಗಿರಲಿ.

ಕಂಡುಹಿಡಿಯುವ ಬಗೆ

ಮೊದಲ ವಿಧಾನಕ್ಕೆ ಬೇಕಾಗುವುದು ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್. ಸ್ಪೀಕರ್ ತಂತಿಯನ್ನು ಆಂಪ್ಲಿಫೈಯರ್‌ನಿಂದ ಪೂರ್ತಿ ಬಿಚ್ಚಿ. ಆಂಪ್ಲಿಫೈಯರ್ ಜೋಡಿಸಿದ್ದಾಗ ಸೆಲ್ ಮುಟ್ಟಿಸಲೇಬಾರದು. ತಂತಿಯ ಎರಡು ತುದಿಗಳನ್ನು ಸೆಲ್ಲಿನ ಎರಡು ಕೊನೆಗಳಿಗೆ ಅರೆಕ್ಷಣ ತಾಗಿಸಿ ಬಿಡಿ. ಟಪ್ ಎಂಬ ಸದ್ದಿನೊಂದಿಗೆ ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತಂತಿಯೇ ಸ್ಪೀಕರ್‌ನ ಪ್ಲಸ್. ಒಳಗೆ ಹೋದರೆ ಉಲ್ಟಾ. ಬೆರಳ ತುದಿಯನ್ನು ಕೋನ್ ಮೇಲೆ ಹಗುರಾಗಿ ಇಟ್ಟರೆ ಕಣ್ಣಿಗೆ ಕಾಣದ ಚಲನೆಯೂ ತಿಳಿಯುತ್ತದೆ. 8 ಓಮ್ ಸ್ಪೀಕರ್‌ಗೆ ಇದರಿಂದ ಹೋಗುವುದು ಮೂರನೇ ಒಂದು ವಾಟ್‌ಗಿಂತ ಕಡಿಮೆ, ಹಾನಿಯಿಲ್ಲ. 9 ವೋಲ್ಟಿನ ಬ್ಯಾಟರಿ ಬಳಸಿದರೆ ಅದೇ ಸ್ಪೀಕರ್‌ಗೆ 10 ವಾಟ್ ನೇರ ವಿದ್ಯುತ್ ನುಗ್ಗುತ್ತದೆ. ಸಣ್ಣ ಸ್ಪೀಕರ್‌ಗಳ ಮಟ್ಟಿಗೆ ಅದು ಬೇಡ.

ಸೆಲ್ಲಿನ ಪರೀಕ್ಷೆ ಬಾಸ್ ನುಡಿಸುವ ದೊಡ್ಡ ಸ್ಪೀಕರ್‌ಗಳಾದ ವೂಫರ್‌ಗಳಿಗೆ ಮಾತ್ರ. ಎತ್ತರದ ನಾದ ನುಡಿಸುವ ಪುಟ್ಟ ಸ್ಪೀಕರ್ ಆದ ಟ್ವೀಟರ್‌ನ ಚಲನೆ ಕಣ್ಣಿಗೆ ಕಾಣುವಷ್ಟಿರುವುದಿಲ್ಲ, ಜೊತೆಗೆ ಅದರ ಎದುರು ಕೆಪಾಸಿಟರ್ ಇದ್ದರೆ ನೇರ ವಿದ್ಯುತ್ ದಾಟುವುದೇ ಇಲ್ಲ. ಹಾರ್ನ್ ಯೂನಿಟ್‌ಗಳ ಡಯಾಫ್ರಾಮ್ ಒಳಗೆ ಅಡಗಿರುತ್ತದೆ. ಲೈನ್ ಟ್ರಾನ್ಸ್‌ಫಾರ್ಮರ್ ಇರುವ ಕಡೆ ಸೆಲ್ ತೆಗೆಯುವ ಕ್ಷಣದಲ್ಲಿ ಬೆರಳಿಗೆ ಚುರುಕಾದ ಶಾಕ್ ತಗಲಬಹುದು.

ಅಂತಹವುಗಳಿಗೆ ಕಿವಿಯ ಪರೀಕ್ಷೆಯೇ ಒಳ್ಳೆಯದು. ಎರಡೂ ಸ್ಪೀಕರ್‌ಗಳನ್ನು ಒಂದು ಗೇಣು ಅಂತರದಲ್ಲಿ ಮುಖಾಮುಖಿ ಇಡಿ. ಮಿಕ್ಸರ್‌ನಲ್ಲಿ ಮೋನೊ ಮಾಡಿ, ಎರಡಕ್ಕೂ ಒಂದೇ ಸಂಕೇತ ಹೋಗಲಿ. ಗಂಡು ದನಿಯ ಮಾತು ಅಥವಾ ಬಾಸ್ ಹೆಚ್ಚಿರುವ ಹಾಡು ಹಚ್ಚಿ ಸಣ್ಣಗೆ ಕೇಳಿ. ಆಂಪ್ಲಿಫೈಯರ್ ಆರಿಸಿ, ಒಂದರ ತಂತಿ ತಿರುಗಿಸಿ, ಮತ್ತೆ ಕೇಳಿ. ಎರಡರಲ್ಲಿ ಯಾವಾಗ ದನಿ ತುಂಬಿಕೊಂಡು ಬಂತೋ ಅದೇ ಸರಿ. ಇಷ್ಟು ಹತ್ತಿರ ಇಟ್ಟಾಗ ವ್ಯತ್ಯಾಸ ಎಷ್ಟು ಸ್ಪಷ್ಟವಾಗಿರುತ್ತದೆಂದರೆ ಸಂಗೀತದ ಗಂಧವಿಲ್ಲದವರೂ ಹೇಳಬಲ್ಲರು. ಇದನ್ನು ನಾನು ಎಲ್ಲರಿಗೂ ಒಮ್ಮೆಯಾದರೂ ಮಾಡಿ ನೋಡಿ ಎಂದು ಒತ್ತಾಯಿಸುತ್ತೇನೆ. ಓದಿ ತಿಳಿಯುವುದಕ್ಕಿಂತ ಕಿವಿಯಿಂದ ತಿಳಿದದ್ದು ಹೆಚ್ಚು ಕಾಲ ಉಳಿಯುತ್ತದೆ.

ಮೂರನೆಯದು ಗೋಡೆಯೊಳಗೆ, ಮರದ ಮಾಡಿನ ಮೇಲೆ ಎಳೆದಿರುವ ತಂತಿಗಳಿಗೆ. ಹಳೆಯ ತೋಟದ ಮನೆಗಳಲ್ಲಿ ಎಂದೋ ಎಳೆದ ತಂತಿಯ ಯಾವ ತುದಿ ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಎರಡೂ ಕೊನೆಗಳಲ್ಲಿ ಆಂಪ್ಲಿಫೈಯರ್, ಸ್ಪೀಕರ್ ಎರಡನ್ನೂ ಬಿಚ್ಚಿ. ಆಂಪ್ಲಿಫೈಯರ್ ಇದ್ದ ಕಡೆ ಅದೇ 1.5 ವೋಲ್ಟ್ ಸೆಲ್ ಅನ್ನು ತಂತಿಗಳಿಗೆ ಕಟ್ಟಿ. ಸ್ಪೀಕರ್ ಕಡೆ ಹೋಗಿ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಅಳೆಯಿರಿ. ಸುಮಾರು 1.5 ಎಂದು ತೋರಿಸಿದರೆ ಮೀಟರಿನ ಕೆಂಪು ಕಡ್ಡಿ ಮುಟ್ಟಿರುವುದು ಸೆಲ್ಲಿನ ಪ್ಲಸ್‌ಗೆ ಕಟ್ಟಿದ ತಂತಿ. ಮುಂದೆ ಮೈನಸ್ ಗುರುತು ಬಂದರೆ ಅದು ಇನ್ನೊಂದು. ಏನೂ ಬರದಿದ್ದರೆ ನಡುವೆ ಎಲ್ಲೋ ತುಂಡಾಗಿದೆ, ಇಲಿ ಕಡಿದಿರಬಹುದು. ಒಬ್ಬರೇ ಮಾಡಬಹುದಾದ ಕೆಲಸ ಇದು.

ಎಲ್ಲಿ ತಪ್ಪಿತು, ಎಲ್ಲಿ ತಿದ್ದಬೇಕು

ತಿರುವುಮುರುವು ಸ್ಪೀಕರ್ ತಂತಿಯಲ್ಲೇ ಆಗಬೇಕೆಂದಿಲ್ಲ. ಮೈಕ್ ಕೇಬಲ್‌ನಲ್ಲಿ ಆಗಬಹುದು. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್‌ನಲ್ಲಿ 1 ಶೀಲ್ಡ್ (ಹೊದಿಕೆ), 2 ಹಾಟ್ (ಪ್ಲಸ್), 3 ಕೋಲ್ಡ್ (ಮೈನಸ್) ಎಂಬುದು ಆಡಿಯೊ ಎಂಜಿನಿಯರಿಂಗ್ ಸೊಸೈಟಿ 1992ರಲ್ಲಿ ಮಾನದಂಡವಾಗಿ ಪ್ರಕಟಿಸಿದ ಕ್ರಮ. ಅದಕ್ಕೂ ಹಿಂದಿನ ಕೆಲವು ಉಪಕರಣಗಳಲ್ಲಿ 3 ಹಾಟ್ ಆಗಿರುವುದುಂಟು. ಬೆಸುಗೆ ಹಾಕುವಾಗ 2 ಮತ್ತು 3 ಅದಲು ಬದಲಾದರೂ ಮೈಕ್ ಕೆಲಸ ಮಾಡುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ದೊಡ್ಡ ಬಾಕ್ಸ್‌ಗಳ ಸ್ಪೀಕಾನ್ ಕನೆಕ್ಟರ್‌ನಲ್ಲಿ 1 ಪ್ಲಸ್, 1 ಮೈನಸ್ ಎಂದು ಪ್ಲಾಸ್ಟಿಕ್ಕಿನ ಮೇಲೆಯೇ ಅಚ್ಚಾಗಿರುತ್ತದೆ, ಆದರೆ ಅಕ್ಷರ ಚಿಕ್ಕದು, ಬೆಳಕು ಕಡಿಮೆ, ಆತುರ ಹೆಚ್ಚು.

ಸಂಕೇತದ ದಾರಿಯಲ್ಲಿ ಎರಡು ಕಡೆ ತಿರುಗಿದ್ದರೆ ಫಲಿತಾಂಶ ಸರಿಯಾಗಿಯೇ ಇರುತ್ತದೆ. ಇಲ್ಲಿಯೇ ನನ್ನ ತಕರಾರು ಇರುವುದು. ಬಾಕ್ಸಿನೊಳಗೆ ತಿರುಗಿರುವುದನ್ನು ಕೇಬಲ್ ತಿರುಗಿಸಿ ಸರಿದೂಗಿಸುವ ಅಭ್ಯಾಸ ಬಹಳ ಕೆಟ್ಟದ್ದು. ಆ ರಾತ್ರಿಯ ಕಾರ್ಯಕ್ರಮ ನಡೆದುಹೋಗುತ್ತದೆ. ಮರುದಿನ ಆ ಕೇಬಲ್ ಸರಿಯಾಗಿರುವ ಬಾಕ್ಸಿಗೆ ಹೋಗುತ್ತದೆ, ಸರಿಯಾದ ಕೇಬಲ್ ಈ ಬಾಕ್ಸಿಗೆ ಬರುತ್ತದೆ. ಒಂದು ತಪ್ಪಿದ್ದದ್ದು ಎರಡಾಗುತ್ತದೆ. ಮಡಿಕೇರಿ ದಸರಾದಲ್ಲಿ ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುತ್ತವೆ. ಅಷ್ಟು ದೊಡ್ಡ ಏರ್ಪಾಡಿನಲ್ಲಿ ಬೇರೆ ಬೇರೆ ಕಡೆಯ ಬಾಕ್ಸ್‌ಗಳು, ಕೇಬಲ್‌ಗಳು ಬೆರೆತರೆ ಇಂತಹ ಒಂದು ಗುಟ್ಟಿನ ತಿದ್ದುಪಡಿ ಸಾಕು, ಇಡೀ ಸಾಲಿನ ಬಾಸ್ ಕೆಡಿಸಲು. ತಪ್ಪು ಎಲ್ಲಿದೆಯೋ ಅಲ್ಲೇ ತಿದ್ದಬೇಕು. ಆ ಹೊತ್ತಿಗೆ ಸಾಧ್ಯವಾಗದಿದ್ದರೆ ಬಾಕ್ಸಿನ ಬೆನ್ನಿಗೆ ದೊಡ್ಡದಾಗಿ ಬರೆದ ಚೀಟಿ ಅಂಟಿಸಬೇಕು.

ಮಿಕ್ಸರ್‌ನಲ್ಲಿ ವೃತ್ತಕ್ಕೆ ಗೆರೆ ಎಳೆದಂತಹ ಗುರುತಿನ ಒಂದು ಗುಂಡಿ ಇರುವುದುಂಟು. ಆ ಒಂದು ಚಾನೆಲ್‌ನ ಪೊಲಾರಿಟಿಯನ್ನು ಅದು ತಿರುಗಿಸುತ್ತದೆ. ಸ್ಪೀಕರ್ ತಪ್ಪು ಮುಚ್ಚಲು ಇರುವುದಲ್ಲ ಅದು, ಮೈಕ್‌ಗಳಿಗಾಗಿ ಇರುವುದು. ಎರಡು ಮುಖದ ವಾದ್ಯಕ್ಕೆ, ದುಡಿಗೋ ಚೆಂಡೆಗೋ, ಎರಡೂ ಕಡೆ ಮೈಕ್ ಇಟ್ಟಾಗ ಇದರ ಬೆಲೆ ತಿಳಿಯುತ್ತದೆ. ಒಂದು ಮುಖಕ್ಕೆ ಪೆಟ್ಟು ಬಿದ್ದಾಗ ಆ ಚರ್ಮ ತನ್ನ ಮೈಕ್‌ನಿಂದ ದೂರ ಸರಿಯುತ್ತದೆ. ಒಳಗಿನ ಗಾಳಿ ತಳ್ಳಿ ಇನ್ನೊಂದು ಮುಖ ತನ್ನ ಮೈಕ್‌ನ ಹತ್ತಿರ ಬರುತ್ತದೆ. ಎರಡು ಮೈಕ್‌ಗಳಿಗೂ ಸಿಗುವುದು ವಿರುದ್ಧ ಸಂಕೇತ. ಒಂದು ಚಾನೆಲ್‌ನ ಗುಂಡಿ ಒತ್ತಿ ನೋಡಿ, ದುಡಿಯ ನಾದಕ್ಕೆ ಹೊಟ್ಟೆ ಬರುತ್ತದೆ.

ಮುಟ್ಟಬಾರದ ಕೆಲವು ಕಡೆಗಳೂ ಇವೆ. ಬಾಕ್ಸ್ ಬಿಚ್ಚಿದಾಗ ಟ್ವೀಟರ್‌ನ ತಂತಿಗಳು ವೂಫರ್‌ಗೆ ಹೋಲಿಸಿದರೆ ತಿರುಗಿರುವುದು ಕಂಡರೆ ಅದನ್ನು ಕೂಡಲೇ ತಪ್ಪೆಂದು ಭಾವಿಸಬೇಡಿ. ಬಾಸ್ ಅನ್ನು ವೂಫರ್‌ಗೆ, ಎತ್ತರದ ನಾದವನ್ನು ಟ್ವೀಟರ್‌ಗೆ ಬೇರ್ಪಡಿಸಿ ಕೊಡುವ ಒಳಗಿನ ಕ್ರಾಸ್‌ಓವರ್ ತಾನೇ ಅಲೆಗಳ ಹೊಂದಾಣಿಕೆಯನ್ನು ಬದಲಿಸುತ್ತದೆ. ಆಕ್ಟೇವ್‌ಗೆ (ಕಂಪನಾಂಕ ಎರಡು ಪಟ್ಟು ಅಥವಾ ಅರ್ಧವಾಗುವ ಪ್ರತಿ ಹೆಜ್ಜೆಗೆ) 12 ಡೆಸಿಬೆಲ್ ಇಳಿಸುವ ಬಗೆಯ ಕ್ರಾಸ್‌ಓವರ್‌ನಲ್ಲಿ ವೂಫರ್ ಮತ್ತು ಟ್ವೀಟರ್‌ಗೆ ಹೋಗುವ ಸಂಕೇತಗಳು ಪರಸ್ಪರ ತಲೆಕೆಳಗಾಗಿರುತ್ತವೆ. ಅದನ್ನು ಸರಿದೂಗಿಸಲು ವಿನ್ಯಾಸಕಾರರೇ ಟ್ವೀಟರ್ ತಿರುಗಿಸಿರುತ್ತಾರೆ. ಬಣ್ಣಕ್ಕೆ ಬಣ್ಣ ಸೇರಿಸಲು ಹೋದರೆ ದನಿಯ ನಡುಭಾಗದಲ್ಲಿ ಹಳ್ಳ ಬೀಳುತ್ತದೆ. ಇನ್ನೊಂದು ಬಾಕ್ಸನ್ನೂ ಬಿಚ್ಚಿ, ಎರಡೂ ಒಂದೇ ತರಹ ಇವೆಯೇ ನೋಡಿ, ಇದ್ದರೆ ಮುಚ್ಚಿಬಿಡಿ. ಹಳೆಯ ಜೆಬಿಎಲ್ ಸ್ಪೀಕರ್‌ಗಳದ್ದು ಇನ್ನೊಂದು ಬಗೆ: ಅವುಗಳ ಕೆಂಪು ಕಡೆಗೆ ಧನ ವೋಲ್ಟೇಜ್ ಕೊಟ್ಟರೆ ಕೋನ್ ಒಳಗೆ ಹೋಗುತ್ತದೆ. ಕಂಪನಿ ಆಮೇಲೆ ಎಲ್ಲರ ಪದ್ಧತಿಗೆ ಬಂತು. ಎಲ್ಲವೂ ಹಳೆಯವೇ ಆಗಿದ್ದರೆ ಚಿಂತೆಯಿಲ್ಲ, ಹಳೆಯದು ಹೊಸದು ಬೆರೆಸಿದಾಗ ಸೆಲ್ ಹಿಡಿದು ನೋಡಲೇಬೇಕು.

ತಂತಿ ತಿರುಗಿದರೆ ಉಪಕರಣ ಸುಡುತ್ತದೆಯೇ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಇಲ್ಲ. ಎರಡು ಸಂದರ್ಭಗಳಲ್ಲಿ ಮಾತ್ರ ಅಪಾಯ. ಎರಡು ವಾಯ್ಸ್ ಕಾಯಿಲ್ ಇರುವ ಸಬ್ ವೂಫರ್‌ನಲ್ಲಿ ಒಂದು ಕಾಯಿಲ್ ತಿರುಗಿದರೆ ಅವೆರಡೂ ಒಂದನ್ನೊಂದು ತಡೆದು ಕೋನ್ ಅಲುಗುವುದೇ ಇಲ್ಲ. ಹೋದ ವಿದ್ಯುತ್ತೆಲ್ಲ ಬಿಸಿಯಾಗಿ ಕಾಯಿಲ್ ಸುಡಬಹುದು. ಇನ್ನೊಂದು, ಒಂದೇ ಪೆಟ್ಟಿಗೆಯ ಒಂದೇ ಕೋಣೆಯಲ್ಲಿ ಎರಡು ವೂಫರ್ ಇದ್ದು ಒಂದು ತಿರುಗಿದ್ದರೆ ಒಳಗಿನ ಗಾಳಿಯ ತಡೆ ಇಲ್ಲವಾಗಿ ಕೋನ್‌ಗಳು ಮಿತಿ ಮೀರಿ ಓಡಾಡುತ್ತವೆ. ಶಾರ್ಟ್ ಸರ್ಕ್ಯೂಟ್ ಬೇರೆಯೇ ವಿಷಯ, ಎರಡು ತಂತಿಗಳ ಎಳೆಗಳು ಒಂದಕ್ಕೊಂದು ತಾಗಿದರೆ ಆಂಪ್ಲಿಫೈಯರ್ ಹೋಗಬಹುದು. ಜೀಪು, ಕಾರಿನ ಸ್ಟೀರಿಯೊದಲ್ಲಿ ಸ್ಪೀಕರ್‌ನ ಮೈನಸ್ ತಂತಿಯನ್ನು ವಾಹನದ ಲೋಹದ ಮೈಗೆ ಜೋಡಿಸುವುದೂ ಅಷ್ಟೇ ಅಪಾಯ, ಏಕೆಂದರೆ ಈಗಿನ ಸೆಟ್‌ಗಳಲ್ಲಿ ಆ ತಂತಿಯಲ್ಲೂ ಸಂಕೇತ ಇರುತ್ತದೆ. ಹೊರಗಿನಿಂದ ಕೊಂಡು ಹಾಕಿಸುವ ಸ್ಟೀರಿಯೊಗಳಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್.

ಮನೆಯ ಹೋಮ್ ಥಿಯೇಟರ್‌ನ ಸಬ್ ವೂಫರ್ ಹಿಂದೆ 0 ಮತ್ತು 180 ಎಂದು ಬರೆದ ಸ್ವಿಚ್ ಇರುತ್ತದೆ. ಅದೂ ಪೊಲಾರಿಟಿ ತಿರುಗಿಸುವ ಸ್ವಿಚ್ಚೇ. ಯಾವುದು ಸರಿ ಎಂದು ಪುಸ್ತಕ ನೋಡಿ ಹೇಳಲಾಗದು, ಏಕೆಂದರೆ ಸಬ್ ವೂಫರ್ ಮೂಲೆಯಲ್ಲೋ ಸೋಫಾದ ಪಕ್ಕದಲ್ಲೋ ಇದ್ದು ದೂರ ಬದಲಾಗಿರುತ್ತದೆ. ನೀವು ಕೂರುವ ಜಾಗದಲ್ಲಿ ಕೂತು ಇನ್ನೊಬ್ಬರಿಗೆ ಸ್ವಿಚ್ ಅತ್ತಿತ್ತ ಮಾಡಲು ಹೇಳಿ. ಬಾಸ್ ಹೆಚ್ಚು ತುಂಬಿ ಬಂದ ಕಡೆಗೆ ಬಿಟ್ಟುಬಿಡಿ.

ನಮ್ಮ ಜಿಲ್ಲೆಯ ಮಳೆಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಟೆ ಕಟ್ಟಿಟ್ಟ ತಂತಿಗಳ ತಾಮ್ರ ಕಪ್ಪಾಗುತ್ತದೆ, ಹಸಿರು ಕಿಲುಬು ಹಿಡಿಯುತ್ತದೆ. ಒಂದು ಎಳೆ ತಾಮ್ರದ ಬಣ್ಣ, ಇನ್ನೊಂದು ಬೆಳ್ಳಿಯ ಬಣ್ಣ ಎಂಬ ಗುರುತಿನ ಪಾರದರ್ಶಕ ತಂತಿ ಬಳಸುವವರಿಗೆ ಆಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಕಿಲುಬು ಹಿಡಿದ ಭಾಗ ಕತ್ತರಿಸಿ ಹೊಸದಾಗಿ ಸುಲಿಯುವಾಗಲೇ ತಂತಿ ತಿರುವುಮುರುವಾಗುವುದು ಹೆಚ್ಚು. ಆದ್ದರಿಂದ ಕತ್ತರಿಸುವ ಮುಂಚೆಯೇ ಎರಡೂ ತುದಿಗಳ ಪ್ಲಸ್ ಎಳೆಗೆ ಕೆಂಪು ಟೇಪು ಸುತ್ತಿ, ಸುಲಿಯುವ ಜಾಗದಿಂದ ಒಂದು ಗೇಣು ಹಿಂದೆ. ಕತ್ತಲಲ್ಲಿ ಕೆಲಸ ಮಾಡುವವರು ಅದೇ ಎಳೆಗೆ ಒಂದು ಗಂಟನ್ನೂ ಹಾಕಿಕೊಳ್ಳಬಹುದು, ಬೆರಳಿಗೆ ತಿಳಿಯುತ್ತದೆ. ಹುತ್ತರಿಯ ಹೊತ್ತಿಗೆ ಬಾಕ್ಸ್‌ಗಳು ಮತ್ತೆ ಹೊರಗೆ ಬಂದಾಗ ಪ್ರತಿಯೊಂದಕ್ಕೂ ಸೆಲ್ ಮುಟ್ಟಿಸಿ ನೋಡುವುದಕ್ಕೆ ಒಂದು ಬೆಳಗು ಸಾಕು.

ಇಷ್ಟೆಲ್ಲ ಪರೀಕ್ಷಿಸಿ, ಎಲ್ಲ ಕೋನ್‌ಗಳೂ ಒಂದೇ ಕಡೆ ಚಲಿಸುತ್ತಿವೆ ಎಂದು ಖಚಿತವಾದ ಮೇಲೂ ಕೋಣೆಯ ಒಂದು ಮೂಲೆಯಲ್ಲಿ ಬಾಸ್ ಸಿಗದಿದ್ದರೆ ತಂತಿಯ ಕಡೆ ಮತ್ತೆ ಹೋಗಬೇಡಿ. ಆಗ ಅದು ಗೋಡೆಯಿಂದ ಗೋಡೆಗೆ ಪುಟಿಯುವ ಅಲೆಗಳ ತೊಂದರೆ. ಬಾಕ್ಸನ್ನೋ ಕುರ್ಚಿಯನ್ನೋ ಒಂದಷ್ಟು ದೂರ ಸರಿಸಿ ನೋಡಬೇಕು.